21 ದಿನಕ್ಕೊಂದು ಸೂಜಿ

ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಮಕ್ಕಳ ಡಾಕ್ಟರು. ಒಂಬತ್ತು ವರ್ಷದ ಹುಡುಗಿಯನ್ನು ಅವಳಮ್ಮ ಎತ್ತಿಕೊಂಡೇ ಬಂದಿದ್ದರು. "ಮೊನ್ನೆ ಮಂಡಿ ಊದಿತ್ತು ಸಾರ್, ಅದು ಇಳೀತು, ಈಗ ಮೊಣಕೈ." ನೋವು ಹೀಗೆ ಕೀಲಿನಿಂದ ಕೀಲಿಗೆ ಓಡಾಡಿದರೆ ನಾನು ಮೊದಲು ಕೇಳುವುದು ಗಂಟಲಿನ ವಿಷಯ. ಮೂರು ವಾರದ ಹಿಂದೆ ಗಂಟಲುನೋವು, ಜ್ವರ ಬಂದಿತ್ತಂತೆ. ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗಿದ್ದರು. ಸ್ಟೆತಾಸ್ಕೋಪ್ ಇಟ್ಟರೆ ಎದೆಬಡಿತದ ನಡುವೆ ಉಸ್ಸೆನ್ನುವ ಸದ್ದು, ಎಡಗಂಕುಳವರೆಗೂ ಕೇಳುತ್ತಿತ್ತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಹೃದಯದ ಎಡಭಾಗದ ಮೈಟ್ರಲ್ ಕವಾಟ ಸೋರುವುದು ಕಂಡಿತು. ರುಮ್ಯಾಟಿಕ್ ಜ್ವರ: ಗಂಟಲಿನ ಸೋಂಕಿನ ನಂತರ ಕೀಲು, ಹೃದಯದ ಮೇಲೆ ಬೀಳುವ ಕಾಯಿಲೆ.

ಆ ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಮೈಮೇಲೆ ಎಂ ಪ್ರೋಟೀನ್ ಇರುತ್ತದೆ. ಅದರ ಕೆಲವು ಭಾಗಗಳು ನಮ್ಮ ಹೃದಯಸ್ನಾಯುವಿನಲ್ಲಿರುವ ಮಯೋಸಿನ್ ಎಂಬ ಪ್ರೋಟೀನನ್ನು ಹೋಲುತ್ತವೆ. ಗಂಟಲಿನ ಶತ್ರುವನ್ನು ಹೊಡೆಯಲು ಎದ್ದ ರೋಗನಿರೋಧಕ ಶಕ್ತಿ ಹೃದಯದ ಮೇಲೂ ಬೀಳುತ್ತದೆ. ಕವಾಟದಲ್ಲಿ ಸ್ನಾಯು ಇಲ್ಲ ಅನ್ನುವಷ್ಟು ಕಡಿಮೆ; ಆದರೂ ರೋಗಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳು ಅದರ ಒಳಪೊರೆಗೆ ಅಂಟಿ, ಟಿ ಕಣಗಳೆಂಬ ಬಿಳಿ ರಕ್ತಕಣಗಳಿಗೆ ದಾರಿ ಮಾಡಿಕೊಡುತ್ತವೆ. ಸ್ನಾಯು ಬಹುಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ, ಕವಾಟದ ಗಾಯ ಉಳಿದುಬಿಡಬಹುದು. ಆ ತಾಯಿಗೆ ನಾನು ಹೇಳಿದ್ದು ಇಷ್ಟು: "ಕಳ್ಳನ ಕಂಬಳಿ ಥರದ್ದೇ ಕಂಬಳಿ ಹೊದ್ದ ಮನೆಯವರನ್ನ ನಾಯಿ ಕಚ್ಚಿದೆ, ಅಮ್ಮಾ. ಕಳ್ಳ ಮತ್ತೆ ಬಂದ್ರೆ ಮತ್ತೆ ಕಚ್ಚುತ್ತೆ. ಅವನು ಬರದ ಹಾಗೆ ನೋಡ್ಕೋಬೇಕು."

ಅದಕ್ಕೇ ಬೆಂಜಥೀನ್ ಪೆನಿಸಿಲಿನ್, ವಾರಗಟ್ಟಲೆ ಮೈಯಲ್ಲುಳಿದು ಆ ಬ್ಯಾಕ್ಟೀರಿಯಾವನ್ನು ತಡೆಯುವ ಸೂಜಿ. 27 ಕಿಲೋ ಒಳಗಿದ್ದ ಅವಳಿಗೆ 6 ಲಕ್ಷ ಯೂನಿಟ್, ಮೇಲಿನವರಿಗೆ 12 ಲಕ್ಷ. 21 ದಿನಕ್ಕೊಮ್ಮೆ, ವರ್ಷಾನುಗಟ್ಟಲೆ.

ಮೊದಮೊದಲು ನಾನು ಚೀಟಿ ಬರೆದು ಕಳಿಸಿಬಿಡುತ್ತಿದ್ದೆ. ಒಬ್ಬ ಹುಡುಗ ನಾಲ್ಕು ಸೂಜಿ ತಪ್ಪಿಸಿ, ಏದುಸಿರು ಬಿಡುತ್ತಾ, ಕಾಲು ಊದಿಸಿಕೊಂಡು ಬಂದ. ಯಾಕೋ ಬರಲಿಲ್ಲ ಅಂದರೆ, "ತುಂಬಾ ನೋಯುತ್ತೆ ಸಾರ್." ನಾನು ಒಂದು ದಿನವೂ ಅದನ್ನು ಕೇಳಿರಲಿಲ್ಲ. ಅದು ಇವತ್ತಿಗೂ ಕಾಡುತ್ತದೆ.

ಆಮೇಲೆ ಸೂಜಿ ನಾನೇ ಹಾಕತೊಡಗಿದೆ. ಪುಡಿಗೆ ನೀರು ಬೆರೆಸಿದ ಮೇಲೆ ಸೀಸೆಯನ್ನು ಎರಡೂ ಅಂಗೈ ನಡುವೆ ಉರುಳಿಸಿ ಬೆಚ್ಚಗೆ ಮಾಡುತ್ತೇನೆ. ಹಾಲಿನಂಥ ಗಟ್ಟಿ ಔಷಧಿ. ತಡಮಾಡಿದರೆ ಸೂಜಿ ಕಟ್ಟಿಕೊಳ್ಳುತ್ತದೆ. ಚುಚ್ಚುವ ಜಾಗವನ್ನು ಹೆಬ್ಬೆರಳಿನಲ್ಲಿ ಹತ್ತು ಸೆಕೆಂಡು ಗಟ್ಟಿಯಾಗಿ ಒತ್ತಿ, ಚುಚ್ಚಿದ ಮೇಲೆ ಔಷಧಿಯನ್ನು ಎರಡು ಮೂರು ನಿಮಿಷ ಹಿಡಿದು ನಿಧಾನಕ್ಕೆ ತಳ್ಳುತ್ತೇನೆ. ಅಷ್ಟು ಹೊತ್ತೂ ಶಾಲೆಯ ಮಾತು. ಅಲರ್ಜಿಯ ಭಯಕ್ಕೆ ಅಡ್ರಿನಲಿನ್ ಪಕ್ಕದಲ್ಲೇ ಇರುತ್ತದೆ, ಅರ್ಧ ಗಂಟೆ ಕೂರಿಸಿಯೇ ಕಳಿಸುವುದು.

ಆ ಹುಡುಗಿ ಈಗ ಹೈಸ್ಕೂಲು. ಮನೆಯ ಕ್ಯಾಲೆಂಡರಿನಲ್ಲಿ ತಾರೀಖುಗಳಿಗೆ ತಾನೇ ಸುತ್ತು ಹಾಕಿಕೊಳ್ಳುತ್ತಾಳೆ. ಕಳೆದ ಸಲ 21ನೇ ದಿನಕ್ಕೆ ಊರ ಜಾತ್ರೆ ಬಿದ್ದಿತ್ತು. ಹಿಂದಿನ ದಿನವೇ ಬಂದು ಬೆಂಚಿನ ಮೇಲೆ ಕೂತಿದ್ದಳು.