ನಾಲ್ಕು ಜನರ ಗುಂಪಲ್ಲಿ ನಾಲ್ಕೂ ಜನ ಓದಬೇಕು ಅಂದರೆ

ಏಳು, ಎಂಟನೇ ತರಗತಿಯಲ್ಲಿ ಇಂಥ ಮಕ್ಕಳು ಜಾಸ್ತಿ: ಗಟ್ಟಿಯಾಗಿ ಓದು ಅಂದರೆ ಸರಾಗವಾಗಿ ಓದುತ್ತಾರೆ, ಈಗ ಓದಿದ್ದು ಏನು ಅಂದರೆ ಸುಮ್ನೆ ನಿಲ್ಲುತ್ತಾರೆ. ಆನ್‌ಮೇರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ಪ್ರಕಟಿಸಿದ ರೆಸಿಪ್ರೋಕಲ್ ಟೀಚಿಂಗ್ (ಮಕ್ಕಳೇ ಸರದಿಯಂತೆ ಟೀಚರ್ ಆಗಿ ಓದಿದ್ದನ್ನು ಚರ್ಚಿಸುವ ವಿಧಾನ) ಅಧ್ಯಯನ ಕೂಡ ಇಂಥ ಏಳನೇ ತರಗತಿ ಮಕ್ಕಳದ್ದೇ. ನನ್ನ ತರಗತಿಗೆ ನಾನು ಆ ವಿಧಾನವನ್ನೇ ಹಿಡಿದುಕೊಂಡೆ.

ನಾಲ್ಕು ಜನರ ಗುಂಪು. ಒಂದು ಪ್ಯಾರಾ ಎಲ್ಲರೂ ಮನಸ್ಸಿನಲ್ಲೇ ಓದಿ ನಿಲ್ಲಬೇಕು. ಒಬ್ಬರು ಸಾರಾಂಶ ಹೇಳಬೇಕು, ಒಬ್ಬರು ಪ್ರಶ್ನೆ ಕೇಳಬೇಕು, ಒಬ್ಬರು ಅರ್ಥವಾಗದ ಜಾಗ ಹುಡುಕಬೇಕು, ಇನ್ನೊಬ್ಬರು ಮುಂದೇನು ಬರಬಹುದು ಅಂತ ಊಹಿಸಬೇಕು. ಮುಂದಿನ ಪ್ಯಾರಾಗೆ ಕೆಲಸ ಅದಲುಬದಲು. ಮೂಲ ವಿಧಾನದಲ್ಲಿ ಸರದಿ ಬಂದ ವಿದ್ಯಾರ್ಥಿಯೇ ಟೀಚರ್ ಆಗಿ ನಾಲ್ಕನ್ನೂ ನಡೆಸಬೇಕು, ನಾನು ಹಂಚಿಕೊಟ್ಟಿದ್ದು ಶುರುವಿನ ಭಾರ ಕಡಿಮೆಯಾಗಲಿ ಅಂತ.

ನನಗೆ ತುಂಬಾ ಹಿಡಿಸಿದ್ದು ಮೂರನೇ ಕೆಲಸ. ಹದಿಮೂರರ ವಯಸ್ಸಿನಲ್ಲಿ ಗೆಳೆಯರ ಮುಂದೆ 'ನಂಗೆ ಅರ್ಥ ಆಗ್ಲಿಲ್ಲ' ಅನ್ನೋದು ಅವಮಾನ, ಅಲ್ವಾ? ಆದರೆ ಅದನ್ನು ಹುಡುಕುವುದೇ ಡ್ಯೂಟಿ ಅಂದಾಗ ಚೆನ್ನಾಗಿ ಓದುವವರೂ ಹುಡುಕಲೇಬೇಕಾಗುತ್ತದೆ. ಅವರು ಸಿಕ್ಕಿಕೊಳ್ಳುತ್ತಿದ್ದದ್ದು ದೊಡ್ಡ ಪದಗಳಲ್ಲಲ್ಲ. 'ಇದರಿಂದ', 'ಅಂಥವು', 'ಹಾಗಿದ್ದರೂ' ಬಂದ ಕಡೆ. ಯಾವುದರಿಂದ, ಎಂಥವು ಅಂತ ಕೇಳಿದರೆ ನಾಲ್ವರದ್ದೂ ನಾಲ್ಕು ಉತ್ತರ, ಆಮೇಲೆ ತಾವೇ ಹಿಂದಿನ ಸಾಲಿಗೆ ಹೋಗಿ ಜಗಳವಾಡಿಕೊಂಡು ಸರಿಮಾಡಿಕೊಳ್ಳುತ್ತಿದ್ದರು. ಆ ಜಗಳದಲ್ಲಿ ನಾನು ಬಾಯಿ ಹಾಕುತ್ತಿರಲಿಲ್ಲ.

ಪ್ರಶ್ನೆಯ ಕೆಲಸ ಮಾತ್ರ ಕಷ್ಟ. 'ಬಾವಲಿ ಯಾವಾಗ ಹಾರುತ್ತದೆ?' 'ರಾತ್ರಿ.' ಮುಗಿಯಿತು. ಅದಕ್ಕೆ ಒಂದು ನಿಯಮ ಮಾಡಿದೆ: ಪುಸ್ತಕದಲ್ಲಿ ಬೆರಳಿಟ್ಟು ತೋರಿಸಲಾಗದ ಉತ್ತರದ ಪ್ರಶ್ನೆ ಒಂದಾದರೂ ಇರಬೇಕು. ಮೊದಲು ನಾನೇ ಜೋರಾಗಿ ಯೋಚಿಸುತ್ತಾ ಮಾಡಿ ತೋರಿಸಬೇಕಾಯಿತು, ಅದೂ ಒಂದೆರಡು ಸಲಕ್ಕೆ ಮುಗಿಯುವುದಿಲ್ಲ. ಆಮೇಲೆ 'ಬಾವಲಿಗೆ ಕಿವಿ ಕೇಳದಿದ್ದರೆ ಕತ್ತಲಲ್ಲಿ ಹುಳ ಹಿಡಿಯೋಕಾಗುತ್ತಾ?' ಅನ್ನುವಂಥವು ಬರತೊಡಗಿದವು.

ಗುಂಪು ಅಂದಮೇಲೆ ಒಬ್ಬರು ದುಡಿದು ಮೂವರು ಕೂರುವುದು ಇದ್ದದ್ದೇ. ಅದಕ್ಕೆ ಸ್ಪೆನ್ಸರ್ ಕೇಗನ್ ಅವರ ನಂಬರ್ಡ್ ಹೆಡ್ಸ್ ಟುಗೆದರ್ ಸೇರಿಸಿದೆ. ಪ್ರತಿಯೊಬ್ಬರಿಗೂ ಒಂದು ನಂಬರ್, ಚರ್ಚೆ ಮುಗಿದ ಮೇಲೆ ನಾನು 'ಮೂರು' ಅಂದರೆ ಎಲ್ಲ ಗುಂಪಿನ ಮೂರನೆಯವರು ಏಳಬೇಕು. ಯಾರನ್ನು ಕರೆಯುತ್ತಾರೋ ಗೊತ್ತಿಲ್ಲವಾದ್ದರಿಂದ ಗೊತ್ತಿರುವವರು ಉಳಿದವರಿಗೆ ಹೇಳಿಕೊಡದೆ ವಿಧಿಯಿಲ್ಲ.

ಎಲಿಯಟ್ ಅರಾನ್ಸನ್ 1971ರಲ್ಲಿ ಶುರುಮಾಡಿದ ಜಿಗ್‌ಸಾ ಅನ್ನುವ ಗುಂಪು ಕಲಿಕೆಯ ವಿಧಾನ ನಾನು ಬಳಸುವುದು ಕಮ್ಮಿ. ಪಾಠದ ಒಂದೊಂದು ಭಾಗವನ್ನು ಒಬ್ಬೊಬ್ಬರು ಓದಿ ಉಳಿದವರಿಗೆ ಹೇಳಬೇಕಲ್ಲ, ಒಬ್ಬರು ತಪ್ಪು ತಿಳಿದುಕೊಂಡರೆ ಮೂವರಿಗೂ ಅದೇ ತಪ್ಪು. ಮಾಹಿತಿ ಪಾಠಕ್ಕಾದರೆ ಸರಿ, ಒಂದೇ ಭಾಗ ಸಿಕ್ಕವರನ್ನೆಲ್ಲ ಮೊದಲು ಒಟ್ಟಿಗೆ ಕೂರಿಸಿ ಮಾತಾಡಿಸಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕತೆಗಂತೂ ಬೇಡವೇ ಬೇಡ, ಕೊನೆಯ ಭಾಗ ಸಿಕ್ಕವರು ಮೊದಲೇ ಗುಟ್ಟು ಬಿಟ್ಟುಕೊಡುತ್ತಾರೆ!

ಅಂಕ ಮಾತ್ರ ಗುಂಪಿಗೆ ಕೊಡಬೇಡಿ. ಓದುವುದು ಒಟ್ಟಿಗೆ ಇರಲಿ, ಕೊನೆಗೆ ಐದಾರು ಸಾಲು ಅವರವರೇ ಬರೆಯಲಿ.