ಉಸಿರಿನ ಸದ್ದಿಗೆ ಕಿವಿಗೊಟ್ಟ ಏಳು ತಿಂಗಳು

ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿದ್ದ ನಮ್ಮ ಮನೆಯವರನ್ನು ಮನೆಗೆ ಕಳುಹಿಸುವ ಹಿಂದಿನ ದಿನ ವಾರ್ಡಿನ ಸಿಸ್ಟರ್ ನನ್ನ ಕೈಗೆ ಕಫ ಎಳೆದು ತೆಗೆಯುವ ತೆಳು ನಳಿಕೆ, ಸಕ್ಷನ್ ಕ್ಯಾಥೆಟರ್ ಕೊಟ್ಟು, "ಇವತ್ತು ನಾನು ಕೈಕಟ್ಟಿ ನಿಂತಿರುತ್ತೇನೆ, ನೀವು ಮಾಡಿ" ಎಂದರು. ಹನ್ನೊಂದು ದಿನ ಪಕ್ಕದಲ್ಲಿ ನಿಂತು ನೋಡಿದ್ದೆ, ಬರುತ್ತದೆ ಎಂದುಕೊಂಡಿದ್ದೆ. ಕೈ ನಡುಗಿ ತುದಿ ಹೊದಿಕೆಗೆ ತಾಗಿತು. "ಅದನ್ನು ಎಸೆಯಿರಿ, ಬೇರೆಯದು ತೆಗೆದುಕೊಳ್ಳಿ." ಎರಡನೆಯದನ್ನೂ ಕೆಡಿಸಿದೆ. ಮೂರನೆಯದನ್ನು ಇವರ ಉಸಿರಿಗೆಂದು ಕತ್ತಿನಲ್ಲಿ ಕೂರಿಸಿದ್ದ ಕೊಳವೆಯೊಳಗೆ ಇಳಿಸುವಾಗ ಸಿಸ್ಟರ್ ಮೆಲ್ಲಗೆ ಹೇಳಿದರು: "ನೀವೂ ಉಸಿರು ಹಿಡಿಯಿರಿ. ನಿಮಗೆ ಉಸಿರು ಬೇಕೆನಿಸುವ ಹೊತ್ತಿಗೆ ಅವರಿಗೂ ಬೇಕಾಗಿರುತ್ತದೆ. ಅಷ್ಟರೊಳಗೆ ಹೊರಗೆ ತೆಗೆದುಬಿಡಿ." ಮುಂದಿನ ಏಳು ತಿಂಗಳು ನನ್ನನ್ನು ಕಾಪಾಡಿದ್ದು ಈ ಮಾತು. ಡಿಸ್ಚಾರ್ಜ್ ಹಾಳೆಯಲ್ಲಿ ಅದು ಇರಲಿಲ್ಲ.

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಬಂದವರಿಗೆ ನೀರು ಕೊಟ್ಟ ಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಮುಂದಿಡುವುದು ಇಲ್ಲಿಯ ಮರ್ಯಾದೆ. ನಮ್ಮ ಮನೆಯವರು ಇಪ್ಪತ್ತರ ಪ್ರಾಯದಿಂದ ಕವಳ ಹಾಕುತ್ತಿದ್ದರು, ಊಟದ ನಂತರ, ಚಹದ ನಂತರ, ಕೊನೆಗೆ ಏನೂ ಇಲ್ಲದಿದ್ದರೂ. ಜೊತೆಗೆ ತಂಬಾಕಿನ ಎಸಳು. ತಂಬಾಕು ಬಿಟ್ಟರೆ ಸಾಕು, ಅಡಿಕೆಯಿಂದ ಏನೂ ಆಗುವುದಿಲ್ಲ ಎಂದು ನಮ್ಮಲ್ಲಿ ಈಗಲೂ ಹೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇದನ್ನು ನಮ್ಮೂರಿನ ಮದುವೆ ಮನೆಯಲ್ಲಿ ಹೇಳಿ ನೋಡಿ, ಊಟ ಮುಗಿಯುವುದರೊಳಗೆ ನಾಲ್ಕು ಜನರೊಡನೆ ಜಗಳವಾಗಿರುತ್ತದೆ. ನಾನು ಆ ಜಗಳ ಮಾಡುವುದಿಲ್ಲ. ನಮ್ಮ ಮಕ್ಕಳ ಓದು, ನನ್ನ ಕೈಬಳೆ ಎಲ್ಲವೂ ಅದೇ ಅಡಿಕೆಯದು.

ಮೊದಲು ಬಾಯಿ ತೆರೆಯುವುದು ಕಡಿಮೆಯಾಯಿತು. ಸಾಮಾನ್ಯವಾಗಿ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಯೊಳಗೆ ಹಿಡಿಸಬೇಕು. ಇವರಿಗೆ ಎರಡೂ ಕಷ್ಟ. ಆಮೇಲೆ ಬಲಗೆನ್ನೆಯ ಒಳಗೆ ಹುಣ್ಣು. ನಾವು ಮೊದಲು ತೋರಿಸಿದ ವೈದ್ಯರು ಮುಲಾಮು, ಬಿ ಕಾಂಪ್ಲೆಕ್ಸ್ ಮಾತ್ರೆ ಕೊಡುತ್ತಾ ಮೂರು ತಿಂಗಳು ಕಳೆದರು. ಮೂರು ವಾರದಲ್ಲಿ ಮಾಯದ ಹುಣ್ಣಿನಿಂದ ಚೂರು ತೆಗೆದು ಪರೀಕ್ಷಿಸಲೇಬೇಕು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಬೇಕಿತ್ತು. 2022ರ ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ ಬಯಾಪ್ಸಿ ಆಯಿತು, ಏಪ್ರಿಲ್ ಮಧ್ಯದಲ್ಲಿ ಶಸ್ತ್ರಚಿಕಿತ್ಸೆ. ಕೆನ್ನೆಯ ಒಳಪದರ, ಕೆಳದವಡೆಯ ಒಂದು ತುಂಡು, ಕತ್ತಿನ ಗಂಟುಗಳು, ಇಷ್ಟನ್ನೂ ತೆಗೆದು, ಎದೆಯ ಮಾಂಸಖಂಡವನ್ನು ಚರ್ಮದ ಸಮೇತ ಮೇಲೆ ತಿರುಗಿಸಿ ಹೊಲಿದಿದ್ದರು. ಹತ್ತು ಗಂಟೆ.

ಬಾಯಿ, ಗಂಟಲು ಊದಿಕೊಳ್ಳುವುದರಿಂದ ಉಸಿರಿಗೆ ದಾರಿ ಬೇಕೆಂದು ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಕೂರಿಸುತ್ತಾರೆ. ಬಹಳಷ್ಟು ಜನರಿಗೆ ಅದನ್ನು ಮನೆಗೆ ಹೋಗುವ ಮುಂಚೆಯೇ ತೆಗೆಯುತ್ತಾರಂತೆ. ಇವರ ಕೊಳವೆಯನ್ನು ಮುಚ್ಚಿ ನೋಡಿದಾಗ ಅರ್ಧ ಗಂಟೆಯಲ್ಲಿ ಮೈ ಬೆವರಿ ಎದ್ದು ಕುಳಿತರು. ಊತ ಇಳಿದಿರಲಿಲ್ಲ; ಮುಂದೆ ರೇಡಿಯೇಷನ್ನಿನಲ್ಲಿ ಮತ್ತೆ ಊದುವುದಿತ್ತು. ಹಾಗಾಗಿ ಕೊಳವೆಯ ಸಮೇತ ಮನೆಗೆ ಬಂದೆವು. ಮೂಗಿನಲ್ಲಿ ಊಟದ ನಳಿಕೆ ಬೇರೆ.

ನಾನು ಕಲಿತ ಕ್ರಮ ಹೀಗಿತ್ತು. ಇವರದು ಎಂಟನೇ ಅಳತೆಯ, ಒಳಗೊಂದು ಹೊರಗೊಂದು ಇರುವ ಜೋಡಿ ಕೊಳವೆ. ಅದಕ್ಕೆ ಹನ್ನೆರಡನೇ ನಂಬರಿನ ಕ್ಯಾಥೆಟರ್. ಕಫ ಎಳೆಯುವ ಯಂತ್ರದ ಒತ್ತಡ 100ರಿಂದ 120 ಮಿಲಿಮೀಟರ್ ಪಾದರಸದ ಒಳಗೆ. ಇಳಿಸುವಾಗ ಎಳೆತ ಇರಬಾರದು, ಹೆಬ್ಬೆರಳನ್ನು ಕ್ಯಾಥೆಟರಿನ ಬದಿಯ ತೂತಿನಿಂದ ಎತ್ತಿರಬೇಕು. ಹೊರಗೆ ತರುವಾಗ ಮಾತ್ರ ತೂತು ಮುಚ್ಚಿ, ಬೆರಳುಗಳ ನಡುವೆ ತಿರುಗಿಸುತ್ತಾ ತೆಗೆಯಬೇಕು. ಎಷ್ಟು ಆಳಕ್ಕೆ ಎಂಬುದನ್ನು ಹಳೆಯ ಕೊಳವೆಯ ಪಕ್ಕದಲ್ಲಿ ಹಿಡಿದು ಅಳೆದು ಗೋಡೆಯ ಮೇಲೆ ಗೆರೆ ಎಳೆದುಕೊಂಡಿದ್ದೆ. ಅದಕ್ಕಿಂತ ಕೆಳಗೆ ಹೋದರೆ ಶ್ವಾಸನಾಳ ಗೀರಿ ಕಫದಲ್ಲಿ ರಕ್ತ ಬರುತ್ತದೆ. ಒಳಗಿನ ಕೊಳವೆಯನ್ನು ದಿನಕ್ಕೆ ಮೂರು ಬಾರಿ ತೆಗೆದು ಸಣ್ಣ ಬ್ರಷ್ಷಿನಿಂದ ತೊಳೆಯುತ್ತಿದ್ದೆ. ಕತ್ತಿನ ದಾರ ಕಟ್ಟಿದ ಮೇಲೆ ಕೆಳಗೆ ಒಂದು ಬೆರಳು ಮಾತ್ರ ತೂರಬೇಕು. ಹೊರಗಿನ ಕೊಳವೆಯನ್ನು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲೇ ಬದಲಿಸುತ್ತಿದ್ದರು. ತಲೆದಿಂಬಿನ ಪಕ್ಕದ ಡಬ್ಬಿಯಲ್ಲಿ ಅದೇ ಅಳತೆಯದೊಂದು, ಒಂದಳತೆ ಚಿಕ್ಕದೊಂದು, ಕತ್ತರಿ, ದಾರ. ಅದು ಅವರ ಕವಳದ ಹಳೆಯ ಸ್ಟೀಲ್ ಡಬ್ಬಿ. ಕುದಿಸಿ ತೊಳೆದಿದ್ದೆ, ಆದರೂ ಮೊದಲ ದಿನ ಅವರು ಅದನ್ನು ನೋಡಿ ಮುಖ ತಿರುಗಿಸಿದರು.

ಹೊತ್ತು ನೋಡಿಕೊಂಡು ಕಫ ತೆಗೆಯುವುದು ತಪ್ಪು. ಎರಡು ಗಂಟೆಗೊಮ್ಮೆ ಎಂದು ಗಡಿಯಾರ ಇಟ್ಟುಕೊಂಡು ಮೊದಲ ವಾರ ನಾನು ಅವರನ್ನು ಸುಮ್ಮನೆ ಹಿಂಸಿಸಿದೆ. ಆಮೇಲೆ ಕಿವಿ ಕಲಿಯಿತು. ಗೊರಗೊರ ಎಂದರೆ ತೆಳು ಕಫ. ಕೆಮ್ಮಲು ಹೇಳಿದರೆ ಅರ್ಧ ತಾನಾಗಿ ಹೊರಬರುತ್ತದೆ, ಒರೆಸಿದರೆ ಸಾಕು. ಸಿಳ್ಳೆಯಂತೆ ಸಣ್ಣಗೆ ಎಳೆದರೆ ಒಳಗೆ ಒಣಗಿ ಹೆಕ್ಕಳೆ ಕಟ್ಟಿದೆ ಎಂದರ್ಥ. ಹೆದರಬೇಕಾದದ್ದು ಇದಕ್ಕೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ ತೇವ ಕೊಟ್ಟು ಒಳಗೆ ಬಿಡುತ್ತದೆ, ಕತ್ತಿನ ರಂಧ್ರಕ್ಕೆ ಆ ಕೆಲಸ ಬಾರದು. ಆದ್ದರಿಂದ ಸಲೈನನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಯಂತ್ರ ದಿನಕ್ಕೆ ನಾಲ್ಕು ಸಲ, ಉಳಿದ ಹೊತ್ತು ರಂಧ್ರದ ಮುಂದೆ ಒದ್ದೆ ಮಾಡಿ ಹಿಂಡಿದ ಗಾಜ್. ಗಾಳಿಯಲ್ಲಿ ತೇವ ಸರಿಯಾಗಿದ್ದ ದಿನ ಯಂತ್ರವನ್ನು ಎರಡೇ ಸಲ ಹಚ್ಚಿದ್ದೂ ಇದೆ.

ಇಷ್ಟು ತಿಳಿದೂ ಜುಲೈ ಕೊನೆಯಲ್ಲಿ ತಪ್ಪು ಮಾಡಿದೆ. ರೇಡಿಯೇಷನ್ ಮುಗಿಸಿ ಊರಿಗೆ ಬಂದಿದ್ದೆವು. ನಮ್ಮಲ್ಲಿ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ದೇವರಿಗೆ ಬಿಟ್ಟದ್ದು. ಎರಡನೆಯ ದಿನ ಸಂಜೆಗೆ ಇನ್ವರ್ಟರ್ ಕೂಡ ಸತ್ತಿತು. ನೆಬ್ಯುಲೈಸರ್ ಇಲ್ಲ, ಮೇಲಿನಿಂದ ಇವರಿಗೆ ಚಳಿ ಎಂದು ನಾನು ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟೆ. ಬೆಚ್ಚಗಾಯಿತು, ಗಾಳಿಯೂ ಒಣಗಿತು. ರಾತ್ರಿ ಒಂದೂವರೆಗೆ ಸ್ಟೀಲ್ ಲೋಟಕ್ಕೆ ಚಮಚ ಬಡಿಯುವ ಸದ್ದು. ಅದು ಅವರು ನನ್ನನ್ನು ಕರೆಯುವ ಗಂಟೆ. ಹೆಂಚಿನ ಮೇಲೆ ಮಳೆಯ ಆರ್ಭಟದಲ್ಲಿ ಸಿಳ್ಳೆ ಕೇಳಿಸಿರಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಕತ್ತಿನ ಗುಳಿ ಒಳಗೆ ಸೆಳೆಯುತ್ತಿದೆ, ತುಟಿ ಕಪ್ಪಿಟ್ಟಿದೆ.

ಸಿಸ್ಟರ್ ಕಲಿಸಿದ್ದರು: ಉಸಿರು ಕಟ್ಟಿದರೆ ಯಂತ್ರ ಹುಡುಕಬೇಡಿ, ಮೊದಲು ಒಳಗಿನ ಕೊಳವೆ ಎಳೆಯಿರಿ. ಎಳೆದೆ. ಅದರ ತುದಿಯಲ್ಲಿ ಒಣ ಅಂಟಿನಂತಹ ಕಂದು ಗಡ್ಡೆ, ನಡುವೆ ಕಡ್ಡಿ ತೂರುವಷ್ಟು ಜಾಗ. ಹೊರಗಿನ ಕೊಳವೆಯಲ್ಲಿ ಭುಸ್ಸೆಂದು ಗಾಳಿ ಓಡಿತು. ಉಳಿದದ್ದನ್ನು ಕಾಲಿನಿಂದ ತುಳಿಯುವ ಪಂಪಿನಿಂದ ತೆಗೆದೆ. ಮಗ ಟಾರ್ಚ್ ಹಿಡಿದ, ಅತ್ತೆ ಬಾಗಿಲಲ್ಲಿ ನಿಂತು ಏನೋ ಜಪಿಸುತ್ತಿದ್ದರು. ಆ ಪಂಪನ್ನು ಕೊಳ್ಳುವಾಗ "ಇದೊಂದು ದಂಡ" ಎಂದು ನಾನೇ ಗೊಣಗಿದ್ದೆ. ನಮ್ಮ ಮನೆಗೆ 108 ಬರಬೇಕೆಂದರೆ ಹಳ್ಳ ಇಳಿಯಬೇಕು. ಬೆಳಿಗ್ಗೆ ಅಗ್ಗಿಷ್ಟಿಕೆಯನ್ನು ಕೊಟ್ಟಿಗೆಗೆ ಹಾಕಿ ಬಂದೆ.

ರೇಡಿಯೇಷನ್ ಮೇ ಕೊನೆಯಲ್ಲಿ ಶುರುವಾಗಿತ್ತು. ವಾರಕ್ಕೆ ಐದು ದಿನದಂತೆ ಮೂವತ್ತು ಸಲ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ. ಹುಬ್ಬಳ್ಳಿಯಲ್ಲಿ ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಮುಖಕ್ಕೆ ಅಚ್ಚಿನಂತೆ ಕೂರುವ ಜಾಲರಿಯ ಮುಸುಕು ಹಾಕಿ ಮೇಜಿಗೆ ಬಿಗಿಯುತ್ತಾರೆ. ಕೊಳವೆಗೆಂದು ಕತ್ತಿನ ಹತ್ತಿರ ಅದನ್ನು ಕತ್ತರಿಸಿದ್ದರು. ಒಳಗೆ ಯಾರೂ ಇರುವಂತಿಲ್ಲ, ಇವರಿಗೆ ಕೂಗಲು ಧ್ವನಿಯಿಲ್ಲ. ಕಫ ಬಂದರೆ ಕೈ ಎತ್ತುವುದು, ಹೊರಗೆ ಪರದೆಯಲ್ಲಿ ನೋಡುತ್ತಿರುವವರು ಯಂತ್ರ ನಿಲ್ಲಿಸುವುದು ಎಂದು ಮೊದಲೇ ಮಾತಾಗಿತ್ತು. ಸರದಿ ಬರುವ ಐದು ನಿಮಿಷ ಮುಂಚೆ ನಾನು ಕಾರಿಡಾರಿನ ಮೂಲೆಯಲ್ಲಿ ಕಫ ತೆಗೆದುಬಿಡುತ್ತಿದ್ದೆ. ಒಂದು ದಿನವೂ ಅವರು ಕೈ ಎತ್ತಬೇಕಾಗಲಿಲ್ಲ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವರಿಗೆ ಲೋಹದ ಕೊಳವೆಯಿತ್ತು. ಲೋಹ ಕಿರಣಗಳನ್ನು ಚದುರಿಸುತ್ತದೆಂದು ಶುರುವಾಗುವ ಮುಂಚೆ ಪ್ಲಾಸ್ಟಿಕ್ಕಿನದಕ್ಕೆ ಬದಲಿಸಿದರು. ಮೂರನೇ ವಾರದಿಂದ ಬಾಯಿ ತುಂಬ ಹುಣ್ಣು. ಉಪ್ಪು ಮತ್ತು ಅಡಿಗೆ ಸೋಡಾ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಎಂಟು ಹತ್ತು ಸಲ ಬಾಯಿ ತೊಳೆಸಿದ್ದು ಬಿಟ್ಟರೆ ಆ ದಿನಗಳ ಬಗ್ಗೆ ಹೇಳಲು ನನಗೆ ಇಷ್ಟವಿಲ್ಲ.

ತೂಕ 61 ಕಿಲೋದಿಂದ 49ಕ್ಕೆ ಇಳಿಯಿತು. ಮೂಗಿನ ನಳಿಕೆಯಲ್ಲಿ ಊಟ ಎರಡು ಗಂಟೆಗೊಮ್ಮೆ 200 ಮಿಲಿಲೀಟರ್, ತಲೆ ಎತ್ತರಿಸಿ ಕೂರಿಸಿ, ನಳಿಕೆಯ ಮೇಲಿನ ಗುರುತು ಮೂಗಿನ ಹತ್ತಿರ ಮೊದಲಿದ್ದಲ್ಲೇ ಇದೆಯೇ ಎಂದು ನೋಡಿ, ಕೊಟ್ಟ ಮೇಲೆ ನೀರು ಬಿಟ್ಟು, ಅರ್ಧ ಗಂಟೆ ಮಲಗಿಸದೆ. ಗಂಜಿ, ಬೇಳೆ ಕಟ್ಟು, ಹಾಲು, ಬಾಳೆಹಣ್ಣು ಎಲ್ಲವನ್ನೂ ಅರೆದು ಬಟ್ಟೆಯಲ್ಲಿ ಸೋಸುತ್ತಿದ್ದೆ. ಆಹಾರ ತಜ್ಞೆ ಬೇಯಿಸಿದ ಮೊಟ್ಟೆಯ ಬಿಳಿಭಾಗ ಸೇರಿಸಿ ಎಂದರು. ನಮ್ಮದು ಮೊಟ್ಟೆ ಒಳಗೆ ಬಾರದ ಅಡುಗೆಮನೆ. ಊರಿಗೆ ಬಂದ ಮೇಲೆ ನಾಲ್ಕು ದಿನ ಯೋಚಿಸಿದೆ. ಕೊನೆಗೆ ಅತ್ತೆಯೇ, "ಹಿತ್ತಿಲ ಒಲೆಯಲ್ಲಿ ಬೇಯಿಸು. ಬೇಯಿಸಿದೆ ಎಂದು ನನಗೆ ಹೇಳಬೇಡ" ಎಂದರು. ಕೊಟ್ಟ ಮೇಲೆ ನಮ್ಮ ಮನೆಯವರಿಗೆ ಹೇಳದಿರುವುದು ಸರಿಯಲ್ಲವೆನಿಸಿ ಹೇಳಿದೆ. ಸ್ಲೇಟಿನ ಮೇಲೆ ಬರೆದರು: "ನಳಿಕೆಗೆ ಮಡಿ ಇಲ್ಲ."

ಆ ಸ್ಲೇಟಿಗಾಗಿ ನಾವು ಜಗಳವಾಡಿದ್ದೂ ಉಂಟು. ಅವರು ಬರೆಯುವುದರೊಳಗೆ ನಾನು ಉಳಿದದ್ದನ್ನು ಊಹಿಸಿ ಹೇಳಿಬಿಡುತ್ತಿದ್ದೆ. ಒಂದು ದಿನ ಬಳಪ ಮುರಿದು ಎಸೆದರು. ಆಮೇಲೆ ಬರೆದು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ಅವರಿಗೆ ಸುಸ್ತಾಗಿದ್ದಾಗ ಹೌದು, ಅಲ್ಲ ಎಂದು ಕಣ್ಣಿನಲ್ಲಿ ಹೇಳಬಹುದಾದ ಪ್ರಶ್ನೆಗಳನ್ನು ಮಾತ್ರ ಕೇಳುತ್ತಿದ್ದೆ. ನೋಡಲು ಬಂದವರು ಅವರಿಗೆ ಕಿವಿಯೂ ಕೇಳಿಸದೆಂದು ಭಾವಿಸಿ ಕಿರುಚುತ್ತಿದ್ದರು, ಇಲ್ಲವೇ ಅವರೆದುರೇ ನನ್ನನ್ನು "ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. "ಅವರನ್ನೇ ಕೇಳಿ" ಎನ್ನುತ್ತಿದ್ದೆ. ಕೆಲವರು ಮತ್ತೆ ಬರಲಿಲ್ಲ, ಒಳ್ಳೆಯದೇ ಆಯಿತು.

ಹಣದ ವಿಷಯದಲ್ಲಿ ಒಂದೇ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ದಾಖಲಾಗುವ ಮುಂಚೆಯೇ ಮಾಡಿಸಿಕೊಳ್ಳಿ. ನಮ್ಮದು ಎಪಿಎಲ್ ಕಾರ್ಡ್, ವೆಚ್ಚದ ಶೇ 30ರಷ್ಟೇ ಸಿಗುವುದು. ಅದನ್ನೂ ತಡಮಾಡಿ ಕಳೆದುಕೊಳ್ಳುತ್ತಿದ್ದೆವು.

ನವೆಂಬರಿನಲ್ಲಿ ಮೂಗಿನಿಂದ ಸಣ್ಣ ದುರ್ಬೀನು ಇಳಿಸಿ ನೋಡಿ ದಾರಿ ತೆರೆದಿದೆ ಎಂದರು. ಚಿಕ್ಕ ಅಳತೆಯ ಕೊಳವೆ ಹಾಕಿ, ಹಗಲು ಮಾತ್ರ ಮುಚ್ಚಳ ಹಾಕಿಡಲು ಹೇಳಿ ಕಳುಹಿಸಿದರು. ಉಸಿರು ಸಿಕ್ಕದಿದ್ದರೆ ಯಾರನ್ನೂ ಕೇಳದೆ ಮುಚ್ಚಳ ಕಿತ್ತುಬಿಡಬೇಕು. ಮನೆಯಲ್ಲಿ ಕೊನೆಕೊಯ್ಲು ನಡೆದಿತ್ತು. ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದವರು ಒಮ್ಮೆಲೇ ತಲೆ ಎತ್ತಿ ಮೂಗು ಅರಳಿಸಿದರು. ಏಳು ತಿಂಗಳಿಂದ ಮೂಗಿನಲ್ಲಿ ಗಾಳಿಯೇ ಆಡಿರಲಿಲ್ಲ, ವಾಸನೆ ಎಲ್ಲಿಂದ ಬರಬೇಕು? ಈಗ ಬಂದಿತ್ತು, ಹಂಡೆಯಲ್ಲಿ ಅಡಿಕೆ ಬೇಯುವ ವಾಸನೆ. "ನೀರು ಕಡಿಮೆಯಾಗಿದೆ, ತಳ ಹಿಡಿಯುತ್ತಿದೆ" ಎಂದರು. ಸೊಟ್ಟ ದವಡೆಯಲ್ಲಿ, ಮೂಗಿನ ಮೂಲಕ ಬಂದ ಮಾತು. ನನಗೆ ಮೊದಲ ಸಲಕ್ಕೆ ತಿಳಿಯಲಿಲ್ಲ. ಎರಡನೆಯ ಸಲ ಸಿಟ್ಟಿನಿಂದ ಹೇಳಿದರು. ಹೋಗಿ ನೋಡಿದರೆ ಹಂಡೆಯ ತಳ ಹಿಡಿದೇ ಇತ್ತು.

ಎರಡು ದಿನ ಆಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ಮುಚ್ಚಳ ಹಾಕಿಟ್ಟು ನೋಡಿ ಕೊಳವೆ ತೆಗೆದರು. ಗಾಜ್ ಇಟ್ಟು ಪ್ಲಾಸ್ಟರ್ ಬಿಗಿದರು. ಕೆಮ್ಮುವಾಗ, ಮಾತಾಡುವಾಗ ಅಲ್ಲಿ ಬೆರಳು ಒತ್ತಿ ಹಿಡಿಯಬೇಕು. ಹತ್ತು ದಿನದಲ್ಲಿ ಮುಚ್ಚಿತು. ಈಗಲೂ ದಿನಕ್ಕೆ ಐದು ಸಲ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲಿನ ನಡುವೆ ಇಟ್ಟು ಬಾಯಿ ಹಿಗ್ಗಿಸುತ್ತಾರೆ. ಹದಿನಾಲ್ಕು ಕಡ್ಡಿಗೆ ಬಂದಿದೆ.

ಕಫ ಎಳೆಯುವ ಯಂತ್ರವನ್ನು ಕಳೆದ ತಿಂಗಳು ಯಲ್ಲಾಪುರದ ಕಡೆಯ ಒಬ್ಬ ಹುಡುಗ ತನ್ನ ಅಪ್ಪನಿಗೆಂದು ಒಯ್ದ. ಕಾಲಿನ ಪಂಪನ್ನೂ ಜೀಪಿನಲ್ಲಿ ಇಟ್ಟೆ. "ನಮ್ಮ ಮನೆ ಪೇಟೆಯ ಹತ್ತಿರವೇ ಇದೆ ಅತ್ತಿಗೆ, ಕರೆಂಟ್ ಹೋಗುವುದಿಲ್ಲ" ಎಂದ. "ಇರಲಿ, ಒಯ್ಯಿ" ಎಂದೆ. ಆಮೇಲೆ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಕ್ಯಾಥೆಟರನ್ನು ಕೈಗೆ ಕೊಟ್ಟು, ನಾನು ಕೈಕಟ್ಟಿ ನಿಂತೆ.