ಮೊಬೈಲ್ ಆರ್‌ಪಿಜಿಯಲ್ಲಿ ಪಾತ್ರದ ಬಲಾಬಲವನ್ನು ಅಳೆಯುವುದು ಹೇಗೆ?

ಆರ್‌ಪಿಜಿ ಎಂದರೆ ಪಾತ್ರಗಳನ್ನು ಬೆಳೆಸುತ್ತ ಹೋರಾಡುವ ಆಟ. ಅದರಲ್ಲಿ ಹೊಸ ಪಾತ್ರವೊಂದು ಕೈಸೇರಿದ ಕೂಡಲೇ ಹೆಚ್ಚಿನ ಆಟಗಾರರು ನೋಡುವುದು ಅದರ ನಕ್ಷತ್ರಗಳನ್ನು ಮತ್ತು ಟಯರ್ ಲಿಸ್ಟ್‌ನಲ್ಲಿ (ಪಾತ್ರಗಳನ್ನು ಬಲದ ಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ) ಅದಕ್ಕಿರುವ ಸ್ಥಾನವನ್ನು. ನಕ್ಷತ್ರಗಳು ಮುಖ್ಯವಾಗಿ ಹೇಳುವುದು ಆ ಪಾತ್ರ ಗಾಚಾದಲ್ಲಿ (ಲಾಟರಿಯಂತೆ ಪಾತ್ರಗಳನ್ನು ಎತ್ತುವ ವ್ಯವಸ್ಥೆಯಲ್ಲಿ) ಎಷ್ಟು ಅಪರೂಪ ಎಂಬುದನ್ನು. ಟಯರ್ ಲಿಸ್ಟ್ ಸಾಮಾನ್ಯವಾಗಿ ಗರಿಷ್ಠ ಲೆವೆಲ್, ಉತ್ತಮ ಆಯುಧ ಮತ್ತು ಹೇಳಿಮಾಡಿಸಿದಂಥ ಟೀಮ್ ಇವೆ ಎಂದು ಭಾವಿಸಿಕೊಂಡು ತಯಾರಾಗಿರುತ್ತದೆ. ನಿಮ್ಮ ಬಳಿ ಇರುವ ಟೀಮ್‌ಗೆ, ನೀವು ಸಿಕ್ಕಿಹಾಕಿಕೊಂಡಿರುವ ಹಂತಕ್ಕೆ ಆ ಪಾತ್ರ ಎಷ್ಟು ಒದಗಿಬರುತ್ತದೆ ಎಂಬ ಪ್ರಶ್ನೆಗೆ ಇವೆರಡರಲ್ಲೂ ಉತ್ತರವಿಲ್ಲ. ಪಾತ್ರವನ್ನು ಬೆಳೆಸಲು ಸುರಿದ ಸಾಮಗ್ರಿ ಹಲವು ಆಟಗಳಲ್ಲಿ ಪೂರ್ತಿಯಾಗಿ ವಾಪಸು ಬರುವುದಿಲ್ಲವಾದ್ದರಿಂದ ಈ ಲೆಕ್ಕವನ್ನು ಖರ್ಚಿಗೆ ಮೊದಲೇ ಮಾಡಿಕೊಳ್ಳಬೇಕು. ಕೊರತೆ ಯಾವ ಪಾತ್ರಕ್ಕೂ ತಪ್ಪಿದ್ದಲ್ಲ. ಅದನ್ನು ಆಯುಧದಿಂದಲೋ ಜೊತೆಗಾರರಿಂದಲೋ ತುಂಬಿಕೊಳ್ಳಲು ಸಾಧ್ಯವೇ ಎಂಬುದೇ ನಿರ್ಣಾಯಕ.

ಮೊದಲ ಕೆಲಸ ಸ್ಕಿಲ್‌ಗಳ ವಿವರಣೆಯನ್ನು ಸಾವಧಾನವಾಗಿ ಓದುವುದು. ಅಟ್ಯಾಕ್, ಡಿಫೆನ್ಸ್, ಎಚ್‌ಪಿ (ಪಾತ್ರದ ಜೀವಬಲ) ಎಂಬ ದೊಡ್ಡ ಅಂಕಿಗಳು ಪರದೆಯ ಮೇಲೆ ಎದ್ದು ಕಾಣುತ್ತವೆ, ಆದರೆ ಆ ಅಂಕಿಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಸ್ಕಿಲ್‌ನ ಸಣ್ಣ ಅಕ್ಷರಗಳ ವಾಕ್ಯಗಳು. ಪ್ರತಿ ಸ್ಕಿಲ್ ಓದುವಾಗಲೂ ಅದು ಯಾವ ಅಂಕಿಯನ್ನು ಆಧರಿಸಿ ಬೆಳೆಯುತ್ತದೆ, ಯಾರಿಗೆ ಅನ್ವಯಿಸುತ್ತದೆ, ಎಷ್ಟು ಹೊತ್ತು ಉಳಿದು ಮತ್ತೆ ಯಾವಾಗ ಸಿಗುತ್ತದೆ ಎಂದು ಕೇಳಿಕೊಳ್ಳಬೇಕು. ಹೀಲರ್ ಒಬ್ಬಳ ಚಿಕಿತ್ಸೆ ಅವಳ ಎಚ್‌ಪಿಯನ್ನು ಅವಲಂಬಿಸಿದ್ದರೆ ಅವಳಿಗೆ ಅಟ್ಯಾಕ್ ಕೊಡುವ ಆಯುಧ ತೊಡಿಸಿ ಪ್ರಯೋಜನವಿಲ್ಲ.

2020ರಲ್ಲಿ ಬಿಡುಗಡೆಯಾದ ಗೆನ್ಶಿನ್ ಇಂಪ್ಯಾಕ್ಟ್ ಆಟದ ಬೆನೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅವನು ನಾಲ್ಕು ನಕ್ಷತ್ರದ ಪಾತ್ರ. ಆದರೂ ಐದು ನಕ್ಷತ್ರದ ಎಷ್ಟೋ ಪಾತ್ರಗಳಿಗಿಂತ ಹೆಚ್ಚು ಟೀಮ್‌ಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನ ಬರ್ಸ್ಟ್, ಅಂದರೆ ಎನರ್ಜಿ ತುಂಬಿದಾಗ ಬಳಸುವ ದೊಡ್ಡ ಸ್ಕಿಲ್, ನೆಲದ ಮೇಲೆ ಒಂದು ವೃತ್ತವನ್ನು ಹಾಕುತ್ತದೆ. ಅದರೊಳಗಿರುವ ಪಾತ್ರದ ಎಚ್‌ಪಿ ಶೇ 70 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ, ಅದಕ್ಕಿಂತ ಹೆಚ್ಚಿದ್ದರೆ ಅಟ್ಯಾಕ್ ಬಫ್ (ತಾತ್ಕಾಲಿಕ ಏರಿಕೆ) ಸಿಗುತ್ತದೆ. ವೃತ್ತ 12 ಸೆಕೆಂಡು ಉಳಿಯುತ್ತದೆ, ಕೂಲ್‌ಡೌನ್ (ಮತ್ತೆ ಬಳಸಲು ಕಾಯಬೇಕಾದ ಸಮಯ) 15 ಸೆಕೆಂಡು. ಅಂದರೆ ಎನರ್ಜಿ ಸಾಕಷ್ಟಿದ್ದರೆ ಬಹುಪಾಲು ಸಮಯ ಬಫ್ ಇದ್ದೇ ಇರುತ್ತದೆ. ವಿವರಣೆಯನ್ನು ಇನ್ನೂ ಹತ್ತಿರದಿಂದ ಓದಿದರೆ, ಈ ಬಫ್ ಲೆಕ್ಕಕ್ಕೆ ಬರುವುದು ಬೆನೆಟ್‌ನ ಮೂಲ ಅಟ್ಯಾಕ್ ಮಾತ್ರ ಎಂಬುದು ಗೊತ್ತಾಗುತ್ತದೆ. ಮೂಲ ಅಟ್ಯಾಕ್ ಎಂದರೆ ಅವನ ಲೆವೆಲ್ ಮತ್ತು ಆಯುಧದಿಂದ ಬರುವಷ್ಟು. ಆರ್ಟಿಫ್ಯಾಕ್ಟ್‌ಗಳಿಂದ (ಆಯುಧದ ಜೊತೆಗೆ ಪಾತ್ರಕ್ಕೆ ತೊಡಿಸುವ ಸಲಕರಣೆಗಳಿಂದ) ಬರುವ ಅಟ್ಯಾಕ್ ಇದಕ್ಕೆ ಸೇರುವುದಿಲ್ಲ. ಹಾಗಾಗಿ ಅವನ ಲೆವೆಲ್ ಏರಿಸಿ, ಮೂಲ ಅಟ್ಯಾಕ್ ಹೆಚ್ಚಿರುವ ಕತ್ತಿಯನ್ನು ಕೊಟ್ಟು, ಆರ್ಟಿಫ್ಯಾಕ್ಟ್‌ಗಳಲ್ಲಿ ಎನರ್ಜಿ ಮತ್ತು ಎಚ್‌ಪಿ ಹುಡುಕುವುದು ಸರಿಯಾದ ದಾರಿ.

ಅವನ ಕೊರತೆಗಳೂ ಅದೇ ವಾಕ್ಯಗಳಲ್ಲಿವೆ. ವೃತ್ತ ನಿಂತಲ್ಲೇ ನಿಲ್ಲುತ್ತದೆ. ದೂರ ದೂರಕ್ಕೆ ಹಾರುವ ಬಾಸ್‌ನ (ಹಂತದ ಮುಖ್ಯ ಶತ್ರುವಿನ) ಬೆನ್ನಟ್ಟುವಾಗ ಬಫ್ ಕೈಬಿಟ್ಟುಹೋಗುತ್ತದೆ, ಇದಕ್ಕೆ ಆಯುಧದಿಂದ ಪರಿಹಾರವಿಲ್ಲ. ಎಚ್‌ಪಿಯ ಷರತ್ತು ಮಾತ್ರ ಅವನ ಮೊದಲ ಕಾನ್ಸ್ಟಲೇಷನ್‌ನಿಂದ (ಅದೇ ಪಾತ್ರದ ಇನ್ನೊಂದು ಪ್ರತಿ ಸಿಕ್ಕಾಗ ತೆರೆಯುವ ಹೆಚ್ಚುವರಿ ಶಕ್ತಿಯಿಂದ) ತೊಲಗುತ್ತದೆ. ಆರನೆಯ ಕಾನ್ಸ್ಟಲೇಷನ್ ತೆರೆದರೆ ವೃತ್ತದೊಳಗಿನ ಕತ್ತಿ, ಕ್ಲೇಮೋರ್ (ಎರಡು ಕೈಯ ದೊಡ್ಡ ಕತ್ತಿ) ಮತ್ತು ಈಟಿಯ ಪಾತ್ರಗಳ ಹೊಡೆತಕ್ಕೆ ಬೆಂಕಿಯ ಎಲಿಮೆಂಟ್ ಸೇರಿಕೊಳ್ಳುತ್ತದೆ, ಒಮ್ಮೆ ತೆರೆದದ್ದನ್ನು ಮತ್ತೆ ಮುಚ್ಚಲು ಬರುವುದಿಲ್ಲ. ಯಾವ ಎಲಿಮೆಂಟೂ ಸೇರದ ಫಿಸಿಕಲ್ ಡ್ಯಾಮೇಜನ್ನೇ ನಂಬಿದ ಟೀಮ್‌ಗೆ ಇದು ವರವಲ್ಲ, ಕಾಟ. ಬಟನ್ ಕಂಡಲ್ಲೆಲ್ಲ ಒತ್ತುವ ಅಭ್ಯಾಸದವರು ಇಲ್ಲಿ ಒಮ್ಮೆ ಕೈ ಹಿಡಿದುಕೊಳ್ಳುವುದು ಒಳ್ಳೆಯದು.

ತುಂಬಬಹುದಾದ ಕೊರತೆಗೆ ಅದೇ ಆಟದ ಶಿಯಾಂಗ್‌ಲಿಂಗ್‌ಳನ್ನು ನೋಡಬಹುದು. ಅವಳ ಬೆಂಕಿಯ ಬರ್ಸ್ಟ್, ಅವಳು ಹಿಂದೆ ಸರಿದು ಬೇರೆ ಪಾತ್ರ ಮುಂದೆ ಬಂದ ಮೇಲೂ ಸುತ್ತುತ್ತಲೇ ಇರುತ್ತದೆ. ಅದಕ್ಕೆ ಬೇಕಾದ ಎನರ್ಜಿ ಮಾತ್ರ 80. ಒಬ್ಬಳೇ ಅಷ್ಟನ್ನು ಕೂಡಿಸಿಕೊಳ್ಳಲು ಪರದಾಡುತ್ತಾಳೆ. ಅದೇ ಎಲಿಮೆಂಟ್‌ನ ಬೆನೆಟ್ ಪಕ್ಕದಲ್ಲಿದ್ದು ತನ್ನ ಸ್ಕಿಲ್‌ನಿಂದ ಎನರ್ಜಿ ತುಂಬುವ ಕಣಗಳನ್ನು ಒದಗಿಸಿದರೆ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಆದ್ದರಿಂದ ಅವಳನ್ನು ಒಂಟಿಯಾಗಿ ತೂಗಿದರೆ ಸಿಗುವ ಉತ್ತರ ತಪ್ಪು.

ಅಂಕಿಗಳ ವಿಚಾರಕ್ಕೆ ಬಂದರೆ, ಕ್ರಿಟ್ (ಅದೃಷ್ಟವಿದ್ದಾಗ ಬೀಳುವ ಹೆಚ್ಚಿನ ಹೊಡೆತ) ಲೆಕ್ಕವನ್ನು ಪ್ರತಿಯೊಬ್ಬ ಆಟಗಾರನೂ ಕಲಿತಿರಬೇಕು. ಹಲವು ಆಟಗಳಲ್ಲಿ ಕ್ರಿಟ್ ರೇಟನ್ನು (ಅದು ಬೀಳುವ ಸಾಧ್ಯತೆಯನ್ನು) ಕ್ರಿಟ್ ಡ್ಯಾಮೇಜ್‌ನಿಂದ (ಆಗ ಸೇರುವ ಹೆಚ್ಚುವರಿ ಹೊಡೆತದಿಂದ) ಗುಣಿಸಿ ಒಂದನ್ನು ಕೂಡಿಸಿದರೆ ಸರಾಸರಿ ಹೊಡೆತ ಎಷ್ಟು ಪಟ್ಟು ಎಂದು ಸಿಗುತ್ತದೆ. ರೇಟ್ ಶೇ 50, ಡ್ಯಾಮೇಜ್ ಶೇ 100 ಇದ್ದರೆ ಉತ್ತರ 1.5. ರೇಟ್ ಶೇ 30, ಡ್ಯಾಮೇಜ್ ಶೇ 140 ಇದ್ದರೆ 1.42. ಎರಡನೆಯದರಲ್ಲಿ ಒಮ್ಮೊಮ್ಮೆ ಬೀಳುವ ದೊಡ್ಡ ಅಂಕಿ ಕಣ್ಣಿಗೆ ಹಬ್ಬ, ಲೆಕ್ಕದಲ್ಲಿ ಮಾತ್ರ ಹಿಂದೆ. ರೇಟ್ 100 ದಾಟಿದ ಮೇಲೆ ಹೆಚ್ಚಿನದೆಲ್ಲ ಸಾಮಾನ್ಯವಾಗಿ ವ್ಯರ್ಥ. ಹಾಗೆಯೇ, ಒಂದೇ ಬಗೆಯ ಬಫ್‌ಗಳು ಒಂದರೊಡನೊಂದು ಕೂಡಿಕೊಳ್ಳುವ ಆಟಗಳಲ್ಲಿ, ಈಗಾಗಲೇ ಅಟ್ಯಾಕ್ ಶೇ 100 ಏರಿರುವ ಪಾತ್ರಕ್ಕೆ ಇನ್ನೂ ಶೇ 20 ಕೊಟ್ಟರೆ ಆಗುವ ನಿಜವಾದ ಲಾಭ ಶೇ 10 ಮಾತ್ರ. ಅಟ್ಯಾಕ್ ಬಫ್ ತುಂಬಿ ತುಳುಕುತ್ತಿರುವ ಟೀಮ್‌ಗೆ ಮತ್ತೊಬ್ಬ ಅಟ್ಯಾಕ್ ಸಪೋರ್ಟ್ ಸೇರಿಸುವುದಕ್ಕಿಂತ ಶತ್ರುವಿನ ಡಿಫೆನ್ಸ್ ಇಳಿಸುವವನನ್ನು ಸೇರಿಸುವುದು ಮೇಲು.

ಸರದಿಯ ಮೇಲೆ ನಡೆಯುವ ಆಟಗಳಲ್ಲಿ ಸ್ಪೀಡ್ ಎಂಬ ಅಂಕಿಗೆ ಬೇರೆಯದೇ ತೂಕವಿದೆ. 2023ರ ಹೊಂಕೈ ಸ್ಟಾರ್ ರೈಲ್‌ನಲ್ಲಿ 10000ವನ್ನು ಸ್ಪೀಡ್‌ನಿಂದ ಭಾಗಿಸಿದರೆ ಪಾತ್ರದ ಸರದಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ತಿಳಿಯುತ್ತದೆ, ಮತ್ತು ಮೊದಲ ಸೈಕಲ್‌ನ (ಆಟ ಸಮಯವನ್ನು ಎಣಿಸುವ ಸುತ್ತಿನ) ಉದ್ದ 150. ಸ್ಪೀಡ್ 134 ಇದ್ದರೆ ಸರದಿ ಸುಮಾರು 74.6ಕ್ಕೊಮ್ಮೆ ಬಂದು ಆ ಸೈಕಲ್‌ನೊಳಗೆ ಎರಡು ಸರದಿ ಸಿಗುತ್ತದೆ. 133 ಇದ್ದರೆ ಎರಡನೆಯದು ಕೂದಲೆಳೆಯಲ್ಲಿ ತಪ್ಪಿಹೋಗುತ್ತದೆ. ಇಂಥ ಮೆಟ್ಟಿಲುಗಳ ನಡುವೆ ಬೀಳುವ ಸ್ಪೀಡ್‌ಗಾಗಿ ಸಾಮಗ್ರಿ ಸುರಿಯಬಾರದು. ವೇಗ ಯಾವಾಗಲೂ ಬಲವೇ ಎಂದೂ ಭಾವಿಸಬೇಡಿ: ಬಫ್‌ನ ಆಯುಷ್ಯವನ್ನು ಪಡೆದವನ ಸರದಿಗಳಲ್ಲಿ ಎಣಿಸುವಾಗ, ಸಪೋರ್ಟ್‌ಗಿಂತ ಬಹಳ ವೇಗವಾಗಿ ಓಡುವ ಡ್ಯಾಮೇಜ್ ಪಾತ್ರ ತನ್ನ ಬಫ್‌ಗಳನ್ನು ಬೇಗ ಮುಗಿಸಿಕೊಂಡು ಬರಿಗೈಯಲ್ಲಿ ನಿಲ್ಲುತ್ತದೆ.

ರಕ್ಷಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಲವು ಆಟಗಳಲ್ಲಿ ಎಚ್‌ಪಿ ಮತ್ತು ಡಿಫೆನ್ಸ್ ಒಂದನ್ನೊಂದು ಗುಣಿಸುವುದರಿಂದ ಒಂದನ್ನೇ ಉಬ್ಬಿಸುವುದಕ್ಕಿಂತ ಎರಡನ್ನೂ ಸಮತೋಲನದಲ್ಲಿ ಏರಿಸಿದ ಟ್ಯಾಂಕ್ (ಟೀಮ್‌ಗಾಗಿ ಏಟು ತಡೆದುಕೊಳ್ಳುವ ಪಾತ್ರ) ಹೆಚ್ಚು ಹೊತ್ತು ನಿಲ್ಲುತ್ತದೆ.

ಆಟದ ನಿಯಮವೇ ಹೇರಿರುವ ಕೊರತೆಗಳನ್ನು ಬೇರೆಯಾಗಿ ಗುರುತಿಸಿಕೊಳ್ಳಿ. 2014ರಿಂದ ನಡೆಯುತ್ತಿರುವ ಸಮ್ಮನರ್ಸ್ ವಾರ್‌ನಲ್ಲಿ ಬೆಂಕಿ ಗಾಳಿಯನ್ನು, ಗಾಳಿ ನೀರನ್ನು, ನೀರು ಬೆಂಕಿಯನ್ನು ಮಣಿಸುತ್ತವೆ. ನೀರಿನ ಶತ್ರುಗಳೇ ತುಂಬಿದ ಹಂತಕ್ಕೆ ಬೆಂಕಿಯ ಪಾತ್ರವನ್ನು ಕಳಿಸಿ ಗೆಲುವು ನಿರೀಕ್ಷಿಸುವುದು ಅತಿಯಾಸೆ. ಆ ಆಟದಲ್ಲಿ ಆಕ್ಯುರಸಿ ಎಂಬ ಅಂಕಿಯನ್ನು ಎಷ್ಟೇ ಏರಿಸಿದರೂ ಡಿಬಫ್ (ಶತ್ರುವನ್ನು ತಾತ್ಕಾಲಿಕವಾಗಿ ಕುಗ್ಗಿಸುವ ಪರಿಣಾಮ) ವಿಫಲವಾಗುವ ಶೇ 15ರಷ್ಟು ಸಾಧ್ಯತೆ ಉಳಿದೇ ಉಳಿಯುತ್ತದೆ. ಹಾಗಾಗಿ ಒಂದೇ ಹೊಡೆತದಲ್ಲಿ ಒಮ್ಮೆ ಡಿಬಫ್ ಹಾಕುವ ಪಾತ್ರಕ್ಕಿಂತ, ಹಲವು ಹೊಡೆತಗಳಲ್ಲಿ ಪ್ರತಿಸಲವೂ ಪ್ರಯತ್ನಿಸುವ ಪಾತ್ರ ಹೆಚ್ಚು ನಂಬಿಕೆಗೆ ಅರ್ಹ. ಮೊಬೈಲ್ ಆಟಗಳಲ್ಲಿ ಆಟೋ ಮೋಡ್ (ಆಟವೇ ಪಾತ್ರಗಳನ್ನು ಆಡಿಸುವ ವ್ಯವಸ್ಥೆ) ಕೂಡ ಪರೀಕ್ಷೆಯ ಭಾಗವಾಗಬೇಕು. ಕೈಯಲ್ಲಿ ಆಡಿದಾಗ ಅದ್ಭುತವೆನಿಸುವ ಪಾತ್ರ, ಆಟೋದಲ್ಲಿ ತನ್ನ ದೊಡ್ಡ ಸ್ಕಿಲ್ಲನ್ನು ಸಾಯುತ್ತಿರುವ ಸಣ್ಣ ಶತ್ರುವಿನ ಮೇಲೆ ಸುರಿದು ಬಾಸ್ ಬರುವ ಹೊತ್ತಿಗೆ ಕೂಲ್‌ಡೌನ್‌ನಲ್ಲಿ ಕುಳಿತಿರಬಹುದು. ದಿನವೂ ಒಂದೇ ಹಂತವನ್ನು ಆಟೋದಲ್ಲಿ ಓಡಿಸುವವರಿಗೆ ಅದು ದೊಡ್ಡ ದೋಷ. ಬಾಸ್‌ಗೆ ಮಾತ್ರ ಕೈಯಲ್ಲಿ ಆಡುವವರಿಗೆ ಲೆಕ್ಕಕ್ಕಿಲ್ಲ.

ಓದಿ ಮುಗಿಸಿದ ಮೇಲೆ ಪರೀಕ್ಷಿಸಬೇಕು. ಟ್ರಯಲ್ ಹಂತ ಕೊಡುವ ಆಟಗಳಲ್ಲಿ ಅದನ್ನು ಬಳಸಿ, ಆದರೆ ಅಲ್ಲಿ ಆಟವೇ ಆಯುಧವನ್ನೂ ಜೊತೆಗಾರರನ್ನೂ ಆರಿಸಿಕೊಟ್ಟಿರುತ್ತದೆ ಎಂಬುದನ್ನು ನೆನಪಿನಲ್ಲಿಡಿ. ಪಾತ್ರ ನಿಮ್ಮದೇ ಆಗಿದ್ದರೆ, ನೀವು ಈಗಾಗಲೇ ಗೆಲ್ಲಬಲ್ಲ ಒಂದು ಹಂತವನ್ನು ಹಿಡಿದು, ಉಳಿದವರನ್ನು ಬದಲಿಸದೆ ಈ ಒಂದು ಪಾತ್ರವನ್ನು ಮಾತ್ರ ಒಳಗೆ ಹೊರಗೆ ಮಾಡಿ ಹಲವು ಬಾರಿ ಆಡಿರಿ. ಕ್ರಿಟ್ ಅದೃಷ್ಟದಾಟವಾದ್ದರಿಂದ ಒಂದು ಸುತ್ತಿನ ಫಲಿತಾಂಶವನ್ನು ನಂಬಲಾಗದು. ಮುಗಿಸಲು ಹಿಡಿದ ಸಮಯ, ಯಾರು ಮೊದಲು ಸತ್ತರು, ಯಾವ ಸ್ಕಿಲ್‌ಗಾಗಿ ಕಾಯಬೇಕಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಸೋತಾಗಲಂತೂ ಕೊನೆಯ ಕ್ಷಣವನ್ನು ಗಮನಿಸಿ: ಸಮಯ ಮೀರಿ ಸೋತಿದ್ದರೆ ಡ್ಯಾಮೇಜ್ ಸಾಲದು, ಒಂದೇ ಏಟಿಗೆ ಸತ್ತಿದ್ದರೆ ಹೀಲರ್ ಬದಲಿಸಿ ಫಲವಿಲ್ಲ, ಶೀಲ್ಡ್ ಅಥವಾ ಎಚ್‌ಪಿ ಬೇಕು.

ಇಷ್ಟಾದ ಮೇಲೆ ಪಾತ್ರದ ಹೆಸರಿನ ಕೆಳಗೆ ಅದು ಟೀಮ್‌ಗೆ ಏನು ಕೊಡುತ್ತದೆ, ಪ್ರತಿಯಾಗಿ ಏನು ಬೇಡುತ್ತದೆ, ಎಲ್ಲಿ ಕೈಕೊಡುತ್ತದೆ, ಅದರ ಜಾಗದಲ್ಲಿ ಬೇರೆ ಯಾರನ್ನು ನಿಲ್ಲಿಸಬಹುದು ಎಂದು ಬರೆಯಿರಿ. ಅದು ಬೇಡುವ ಜೊತೆಗಾರ ನಿಮ್ಮಲ್ಲಿಲ್ಲದಿದ್ದರೆ, ಅಥವಾ ಒಂದೇ ಪಾತ್ರದ ಹಲವು ಪ್ರತಿಗಳು ಸಿಕ್ಕ ಮೇಲಷ್ಟೇ ಅದರ ಮುಖ್ಯ ಶಕ್ತಿ ತೆರೆಯುವಂತಿದ್ದರೆ, ಲೆವೆಲನ್ನು ಮಧ್ಯದಲ್ಲೇ ನಿಲ್ಲಿಸಿ ಸಾಮಗ್ರಿಯನ್ನು ಉಳಿಸಿಕೊಳ್ಳಿ. ಮುಂದಿನ ದೊಡ್ಡ ಅಪ್‌ಡೇಟ್‌ನಲ್ಲಿ ಹೊಸ ಶತ್ರುಗಳು ಬಂದಾಗ ಅದೇ ಟಿಪ್ಪಣಿಯನ್ನು ತೆರೆದು, ಕೈಕೊಡುವ ಜಾಗದ ಸಾಲನ್ನು ಮೊದಲು ತಿದ್ದಿಕೊಳ್ಳಿ.